ಹಂಗಾಮಿಗೊಂದೇ ಸಹಿ: ಬೀಜದ ಕರಾರಿಗೆ ಇ-ಸೈನ್ ಹೊಂದಿಸಿದ ಬಗೆ

ರಾಣೆಬೆನ್ನೂರು ಕಡೆ ಬೀಜೋತ್ಪಾದನೆಯ ಕರಾರು ಮಾಡಿಸುವವರಿಗೆ ಗೊತ್ತಿರುವುದೇ: ರೈತರು ಸಹಿ ಹಾಕುವುದು ಹಂಗಾಮಿಗೆ ಒಮ್ಮೆ, ಮುಂದಿನ ವರ್ಷ ಬೇರೆ ಆರ್ಗನೈಸರ್ (ಕಂಪನಿಗಾಗಿ ರೈತರಿಂದ ಬೀಜ ಬೆಳೆಸುವವರು) ಹತ್ತಿರ ಹೋದರೂ ಹೋದರು. ಇಂಥವರಿಗೆ ಡಿಜಿಟಲ್ ಸಹಿ ಅಂದಾಗ ‘ಹೆಬ್ಬೆಟ್ಟೇ ಗಟ್ಟಿ’ ಅಂದವರೇ ಹೆಚ್ಚು. ಎರಡು ಹಂಗಾಮಿನಲ್ಲಿ 180ರ ಆಸುಪಾಸು ಕರಾರು ಮುಗಿದಿವೆ. ಹಾಗಂದವರೇ ಈಗ ತಮ್ಮ ಕಾಗದ ತಂದು ಕೂಡುತ್ತಾರೆ.

ರೊಕ್ಕ ಹಾಳಾದದ್ದು ಯುಎಸ್‌ಬಿ ಟೋಕನ್‌ನಲ್ಲಿ, ಅಂದರೆ ಸಹಿಯ ಗುಪ್ತ ಕೀಲಿ ಇಡುವ ಪೆನ್‌ಡ್ರೈವ್‌ನಂಥದ್ದರಲ್ಲಿ. ಹನ್ನೆರಡು ಜನರಿಗೆ ಮಾಡಿಸಿದೆ, ತಲಾ ₹1,800ರ ಸುಮಾರು. ನಾಲ್ಕೈದು ತಿಂಗಳ ಬೆಳೆಗೆ ಎರಡು ವರ್ಷದ ಸರ್ಟಿಫಿಕೇಟ್ (ಸಹಿ ಯಾರದೆಂದು ಹೇಳುವ ಡಿಜಿಟಲ್ ಪ್ರಮಾಣಪತ್ರ)! ಕೆಲವರು ಪಿನ್ ತಪ್ಪೊತ್ತಿ ಲಾಕ್ ಮಾಡಿಕೊಂಡರು. ಉಳಿದವರು ಪಿನ್ ಬರೆದ ಚೀಟಿಯನ್ನು ಟೋಕನ್‌ಗೇ ರಬ್ಬರ್‌ಬ್ಯಾಂಡ್ ಹಾಕಿ ನಮ್ಮ ಕಪಾಟಿನಲ್ಲೇ ಬಿಟ್ಟು ಹೋದರು. ಕೀಲಿ ನಮ್ಮ ಹತ್ತಿರ ಇದ್ದ ಮೇಲೆ ಅದು ರೈತರ ಸಹಿ ಹೇಗಾದೀತು?

ಆಧಾರ್ ಇ-ಸೈನ್‌ನಲ್ಲಿ, ಅಂದರೆ ಆಧಾರ್‌ನ ಓಟಿಪಿ ಇಲ್ಲವೇ ಬೆರಳಚ್ಚು ಕೊಟ್ಟು ಹಾಕುವ ಸಹಿಯಲ್ಲಿ, ಈ ತಕರಾರೇ ಇಲ್ಲ. ಕೀಲಿ ಹುಟ್ಟುವುದು ಸೇವಾದಾರರ ಎಚ್‌ಎಸ್‌ಎಂನಲ್ಲಿ, ಅಂದರೆ ಕೀಲಿ ಕಾಯುವ ಭದ್ರ ಯಂತ್ರದಲ್ಲಿ. ಒಂದು ಸಹಿ ಆದೊಡನೆ ಅಳಿಯುತ್ತದೆ. ಸರ್ಟಿಫಿಕೇಟ್‌ನ ಆಯುಷ್ಯ 30 ನಿಮಿಷ. ಸಹಿಗೆ ₹15ರ ಒಳಗೇ ಬಿತ್ತು. ಆದರೆ ಪ್ಯಾಕ್ ದೊಡ್ಡದು ಕೊಳ್ಳಬೇಡಿ. ವರ್ಷದೊಳಗೆ ಮುಗಿಯದೆ ನನ್ನವು ನೂರಕ್ಕೂ ಹೆಚ್ಚು ಸಹಿ ನೀರಿಗೆ ಹೋದವು.

ಈ 30 ನಿಮಿಷವೇ ಮೊದಲು ಕಾಡಿದ್ದೂ ಹೌದು. ಟೈಮ್‌ಸ್ಟಾಂಪ್ (ಹೊರಗಿನ ಸರ್ವರ್ ಒತ್ತುವ ಸಮಯದ ಮುದ್ರೆ) ಇಲ್ಲದೆ ಉಳಿಸಿದ ಪಿಡಿಎಫ್ ಮರುದಿನ ತೆರೆದರೆ, ಸಹಿ ಯಾವಾಗ ಆಯಿತು ಅನ್ನುವುದಕ್ಕೆ ನಮ್ಮ ಕಂಪ್ಯೂಟರಿನ ಗಡಿಯಾರ ಬಿಟ್ಟರೆ ಸಾಕ್ಷಿಯೇ ಇಲ್ಲ. ಟೈಮ್‌ಸ್ಟಾಂಪ್ ಮತ್ತು ಸಿಆರ್‌ಎಲ್ (ರದ್ದಾದ ಸರ್ಟಿಫಿಕೇಟ್‌ಗಳ ಪಟ್ಟಿ) ಎರಡನ್ನೂ ಒಳಗೇ ಕೂಡಿಸಲು ಹೋದೆ, ‘ಜಾಗ ಸಾಲದು’ ಅಂತ ಎರರ್. ಸಹಿಗೆ ಕಾದಿಟ್ಟ ಜಾಗ 8 ಕೆಬಿ ಇತ್ತು, 32 ಕೆಬಿ ಮಾಡಿದ ಮೇಲೆ ಸರಿಯಾಯಿತು. ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ, ಸಹಿ ಬೀಳುವುದು ಇದರ ಮೇಲೆ) ತೆಗೆಯುವ ಮೊದಲೇ ಇದನ್ನು ಹಿಗ್ಗಿಸಬೇಕು. ಆಮೇಲೆ ಒಂದು ಬೈಟ್ ಸರಿದರೂ ಸಹಿ ಮುರಿಯುತ್ತದೆ. ಎರಡನೇ ಸಹಿಯನ್ನೂ ಹಳೆಯದರ ಬಾಲಕ್ಕೆ ಜೋಡಿಸಿಯೇ ಉಳಿಸಬೇಕು; ಪೂರ್ತಿ ಹೊಸದಾಗಿ ಸೇವ್ ಕೊಟ್ಟರೆ ಮೊದಲನೆಯದು ಹೋಯಿತು. ಹುಡುಗರು ಸೈಜ್ ಇಳಿಸಲು ಕಂಪ್ರೆಸ್ ಮಾಡಿದ ಏಳು ಕರಾರು ಹೀಗೇ ಕೆಟ್ಟವು.

ಅಡೋಬಿಯಲ್ಲಿ ಹಳದಿ ಪ್ರಶ್ನಾರ್ಥಕ ಬಂದರೆ ಗಾಬರಿ ಬೇಡ. ಸರ್ಟಿಫಿಕೇಟ್‌ಗಳ ಸರಪಳಿಯ ತುತ್ತತುದಿಯ ‘ಸಿಸಿಎ ಇಂಡಿಯಾ’ವನ್ನು (ದೇಶದ ಸರ್ಟಿಫಿಕೇಟ್ ನಿಯಂತ್ರಕರ ಮೂಲ ಸರ್ಟಿಫಿಕೇಟ್) ಟ್ರಸ್ಟ್‌ಗೆ, ಅಂದರೆ ನಂಬಿಕೆಯ ಪಟ್ಟಿಗೆ, ಸೇರಿಸಿ. ನಮ್ಮ ಲೆಕ್ಕದವರು ಸರಪಳಿಯ ಕೆಳತುದಿಯಲ್ಲಿರುವ ರೈತರ ಸರ್ಟಿಫಿಕೇಟನ್ನೇ ಸೇರಿಸುತ್ತಿದ್ದರು, ಹಾಗಾಗಿ ಪ್ರತಿ ಫೈಲಿಗೂ ಅದೇ ಹಳದಿ.

ಓಟಿಪಿಯದು ಬೇರೆಯೇ ಪುರಾಣ. ಐದರಲ್ಲಿ ಒಬ್ಬರ ಆಧಾರ್‌ಗೆ ಬೆಂಗಳೂರಿನ ಮಗನ ನಂಬರು ಜೋಡಣೆ, ಇಲ್ಲವೇ ಬಂದ್ ಆದ ಸಿಮ್ಮು. ಪೋಸ್ಟ್‌ಮನ್ ಕಡೆಯಿಂದ ನಂಬರು ಬದಲಿಸಿಕೊಂಡು ಬರಲು ಹೇಳುತ್ತೇನೆ, ಬಿತ್ತನೆಗೆ ತಿಂಗಳು ಮೊದಲೇ. ಫೋನಿನಲ್ಲಿ ಓಟಿಪಿ ಕೇಳಿ ನಮ್ಮ ಹುಡುಗರೇ ಒತ್ತುವುದನ್ನು ಖಡಾಖಂಡಿತ ನಿಲ್ಲಿಸಿದೆ. ಒಂದೇ ಫೋನಿನಿಂದ ಒಂದು ತಾಸಿನಲ್ಲಿ ನಲವತ್ತು ಸಹಿ ಆಗಿದ್ದು ಲಾಗ್‌ನಲ್ಲಿ ಕಂಡರೆ ಯಾವ ವಕೀಲರೂ ಎತ್ತಿ ಒಗೆಯುತ್ತಾರೆ. ಲಿಂಕ್ ರೈತರ ಫೋನಿಗೇ ಹೋಗಬೇಕು, ಕರಾರು ಅಲ್ಲೇ ತೆರೆದುಕೊಳ್ಳಬೇಕು, ಓಟಿಪಿ ಅವರೇ ಒತ್ತಬೇಕು. ಕೊನೆಯ ಪುಟದ ತನಕ ಸರಿಸದೆ ಬಟನ್ ಏಳದಂತೆ ಒಂದು ಕಟ್ಟು ಹಾಕಿದ್ದೇನೆ. ಅದರ ಒಳಗುಟ್ಟು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಬೆರಳಚ್ಚಿನದೂ ನೋಡಿಬಿಟ್ಟೆ, ಎಲ್1 (ಆಧಾರ್‌ಗೆ ಒಪ್ಪಿಗೆಯಾದ ದರ್ಜೆಯ) ಸ್ಕ್ಯಾನರ್ ತಂದು. ಹೊಲದ ಕೆಲಸದಲ್ಲಿ ಬೆರಳಗೆರೆ ಸವೆದು ಅರ್ಧಕ್ಕರ್ಧ ಫೇಲ್. ಸ್ಕ್ಯಾನರ್ ಮೂಲೆ ಸೇರಿದೆ.

ಕರಾರು ಟೈಪ್ ಮಾಡುವಾಗ ‘ನುಡಿ’ ತಂತ್ರಾಂಶದ ಹಳೆ ಫಾಂಟ್ ಬೇಡ, ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಫಾಂಟನ್ನು ಪಿಡಿಎಫ್‌ನೊಳಗೇ ಕೂಡಿಸಿ. ಇಲ್ಲದಿದ್ದರೆ ರೈತರ ಫೋನಿನಲ್ಲಿ ‘ಕ್ವಿಂಟಲ್’ ಇದ್ದಲ್ಲಿ ಚೌಕಗಳು ಕಾಣುತ್ತವೆ. ಸ್ಟಾಂಪ್ ಡ್ಯೂಟಿಯೂ ಬೇರೆಯೇ. ಇ-ಸೈನ್ ಆದ ಮಾತ್ರಕ್ಕೆ ಅದು ತಪ್ಪುವುದಿಲ್ಲ. ಇ-ಸ್ಟಾಂಪ್ ಮೊದಲೇ ತೆಗೆಸಿ, ಅದರ ನಂಬರನ್ನು ಕರಾರಿನ ಮೊದಲ ಸಾಲಿಗೆ ಹಾಕಿ, ಆಮೇಲೆ ಹ್ಯಾಶ್. ಮುದ್ರಿಸಿದ ಪ್ರತಿಯಲ್ಲಿ ಸಹಿ ಉಳಿಯುವುದಿಲ್ಲ, ಚಿತ್ರ ಮಾತ್ರ. ಅದಕ್ಕೇ ಮೂಲ ಫೈಲನ್ನು ಎರಡು ಕಡೆ ಇಡುತ್ತೇನೆ, ವಾಟ್ಸಾಪ್‌ನಲ್ಲಿ ರೈತರಿಗೆ ಡಾಕ್ಯುಮೆಂಟ್ ಆಗಿಯೇ ಕಳಿಸುತ್ತೇನೆ, ಫೋಟೋ ಆಗಿ ಅಲ್ಲ.