ಬೋರಿನ ನೀರು ಸಿಹಿಯಾಗಿತ್ತು, ಮಣ್ಣು ಕೆಡುತ್ತಿತ್ತು

ನಮ್ಮದು ಹಿರಿಯೂರು ತಾಲ್ಲೂಕಿನ ಕಪ್ಪು ಮಣ್ಣು. ಎರಡು ಎಕರೆ ದಾಳಿಂಬೆಗೆ ಡ್ರಿಪ್ ಹಾಕಿದ್ದೇವೆ. ಹಳೇ ಬೋರು ಬತ್ತಿದ ಮೇಲೆ 700 ಅಡಿ ಕೊರೆಸಿದೆವು. ಕುಡಿದು ನೋಡಿದರೆ ಉಪ್ಪಿನ ರುಚಿಯೇ ಇಲ್ಲ. ಮನೆಯವರಿಗೆಲ್ಲ ಖುಷಿ.

ಮೂರನೇ ವರ್ಷ ಎಲೆ ಹಳದಿಯಾಯಿತು. ಔಷಧಿ ಅಂಗಡಿಯಲ್ಲಿ ಕಬ್ಬಿಣ, ಸತುವಿನ ಕೊರತೆ ಅಂದರು. ಎರಡು ಸಲ ಸಿಂಪಡಿಸಿದೆ, ಚಿಗುರು ಹಸಿರಾಗಿ ಮತ್ತೆ ಹಳದಿಗೆ ತಿರುಗಿತು. ಮಳೆ ಬಂದ ಮರುದಿನ ಬದುವಿನಾಚೆ ನೀರು ಇಂಗಿದ್ದರೆ, ತೋಟದ ಸಾಲಿನಲ್ಲಿ ಹಾಗೇ ನಿಂತಿತ್ತು.

ತೋಟದಿಂದ ಒಣಗಿದ ಚಿಕ್ಕ ಹೆಂಟೆ ತಂದು, ಮಳೆನೀರಿನ ಗಾಜಿನ ಲೋಟದಲ್ಲಿ ಮೆಲ್ಲಗೆ ಬಿಟ್ಟೆ. ಅಲುಗಾಡಿಸಲಿಲ್ಲ. ಸ್ವಲ್ಪ ಹೊತ್ತಿಗೇ ಸುತ್ತ ಹಾಲಿನಂಥ ಮಬ್ಬು ಎದ್ದಿತು. ಮರುದಿನ ಬೆಳಿಗ್ಗೆಯೂ ತಿಳಿಯಾಗಿರಲಿಲ್ಲ. ಬದುವಿನಾಚೆಯ ಹೆಂಟೆ ಪುಡಿಯಾಗಿ ತಳದಲ್ಲಿ ಕೂತಿತ್ತು, ನೀರು ತಿಳಿ. ಸೋಡಿಯಂ ಜಾಸ್ತಿಯಾದ ಮಣ್ಣಿನ ಕಣಗಳು ಹೀಗೆ ಬಿಟ್ಟುಕೊಂಡು ತೇಲುತ್ತವೆ. ನೀರು ಇಳಿಯುವ ಸಂದುಗಳನ್ನು ಅವೇ ಮುಚ್ಚುತ್ತವೆ.

ಆಮೇಲೆ ಪರೀಕ್ಷೆಗೆ ಸರಿಯಾಗಿ ಮಣ್ಣಿನ ಮಾದರಿ ತೆಗೆದೆ. ಡ್ರಿಪ್ ತೋಟದಲ್ಲಿ ಉಪ್ಪು ಒದ್ದೆಯ ಅಂಚಿಗೆ ಹೋಗಿ ಸೇರುತ್ತದೆ. ಅದಕ್ಕೇ ಡ್ರಿಪ್ಪರ್ ಕೆಳಗಿಂದ ಬೇರೆ, ಅಂಚಿನಿಂದ ಬೇರೆ, ಮೊದಲ ಅಡಿ ಬೇರೆ, ಎರಡನೇ ಅಡಿ ಬೇರೆ. ಸತುವಿನ ಪರೀಕ್ಷೆಯೂ ಇತ್ತಲ್ಲ, ಸತು ಲೇಪದ ತಗಡಿನ ಬಕೆಟ್ ಮುಟ್ಟಲಿಲ್ಲ, ಪ್ಲಾಸ್ಟಿಕ್ ಬಳಸಿದೆ. ನೀರಿನ ಮಾದರಿಗೆ ಅರ್ಧ ಗಂಟೆ ಮೋಟಾರ್ ಓಡಿಸಿ, ಅದೇ ನೀರಲ್ಲಿ ಬಾಟಲಿ ಮೂರು ಸಲ ತೊಳೆದು, ಬಾಯಿವರೆಗೆ ತುಂಬಿ ಅವತ್ತೇ ಪ್ರಯೋಗಾಲಯಕ್ಕೆ ಕೊಟ್ಟೆ.

ನೀರಿನ ಇ.ಸಿ., ಅಂದರೆ ಕರಗಿದ ಉಪ್ಪಿನ ಅಳತೆ, ಬರೀ 1.1. ಇಷ್ಟೇ ನೋಡಿದ್ದರೆ ನೀರು ಚೆನ್ನಾಗಿದೆ ಅಂದುಕೊಳ್ಳುತ್ತಿದ್ದೆ. ವರದಿಯ ಕೊನೆಯ ಸಾಲಿನ ಆರ್‌ಎಸ್‌ಸಿ 3.8 ಇತ್ತು. ಕಾರ್ಬೊನೇಟ್, ಬೈಕಾರ್ಬೊನೇಟ್ ಕೂಡಿಸಿ, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಳೆದರೆ ಸಿಗುವ ಅಂಕಿ ಅದು. 1.25ರ ಒಳಗಿದ್ದರೆ ಭಯವಿಲ್ಲ, 2.5 ದಾಟಿದರೆ ಹಾಗೇ ಬಳಸುವಂತಿಲ್ಲ. ಬೈಕಾರ್ಬೊನೇಟ್ ಮಣ್ಣಿನ ಕ್ಯಾಲ್ಸಿಯಂ ಅನ್ನು ಸುಣ್ಣ ಮಾಡಿ ಕೂರಿಸಿಬಿಡುತ್ತದೆ, ಸೋಡಿಯಂ ಮೇಲುಗೈ ಆಗುತ್ತದೆ. ಡ್ರಿಪ್ಪರ್ ಬಾಯಲ್ಲಿ ನಾನು ದಿನಾ ಕೆರೆದು ತೆಗೆಯುತ್ತಿದ್ದ ಬಿಳಿ ಹೆಪ್ಪೂ ಅದೇ ಸುಣ್ಣ! ತೋಟದ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) 8.9, ಬದುವಿನಾಚೆ 8.1. ಅಷ್ಟು ಪಿಎಚ್‌ನಲ್ಲಿ ಕಬ್ಬಿಣ, ಸತುವು ಮಣ್ಣಲ್ಲಿದ್ದರೂ ಬೇರಿಗೆ ಸಿಗೋದಿಲ್ಲ.

ಇದಕ್ಕೆ ಮದ್ದು ಜಿಪ್ಸಂ, ಅದು ಕ್ಯಾಲ್ಸಿಯಂ ಕೊಡುತ್ತದೆ. ಲೆಕ್ಕ ಸುಲಭ. ಒಂದು ಲಕ್ಷ ಲೀಟರ್ ನೀರಿನ ಆರ್‌ಎಸ್‌ಸಿ ಒಂದು ಅಂಕಿ ಇಳಿಸಲು ಶುದ್ಧ ಜಿಪ್ಸಂ 8.6 ಕಿಲೋ. ಅಂಗಡಿಯದ್ದು ಪೂರ್ತಿ ಶುದ್ಧ ಇರೋದಿಲ್ಲ, ಚೀಲದ ಮೇಲಿನ ಶುದ್ಧತೆ ನೋಡಿ ಹೆಚ್ಚಿಸಬೇಕು. ಡ್ರಿಪ್ಪಿನಲ್ಲಿ ಬಿಡಲಿಲ್ಲ, ಮಳೆಗೆ ಮುಂಚೆ ಸಾಲಿಗೆ ಎರಚಿ ಮಣ್ಣಲ್ಲಿ ಬೆರೆಸಿದೆ. ಸಾಲುಗಳ ನಡುವೆ ಹಸಿರೆಲೆ ಗೊಬ್ಬರಕ್ಕೆ ಸೆಣಬು ಬಿತ್ತಿ ಹೂವಿಗೆ ಮುಂಚೆ ಮಣ್ಣಿಗೆ ಸೇರಿಸಿದೆ. ಚಾವಣಿಯ ಮಳೆನೀರನ್ನು ಬೋರಿನ ಪಕ್ಕದ ಇಂಗುಗುಂಡಿಗೆ ತಿರುಗಿಸಿದೆ.

ಎರಡು ಮಳೆಗಾಲ ಕಳೆದಿವೆ. ಮೇಲಿನ ಅಡಿಯ ಪಿಎಚ್ 8.5ಕ್ಕೆ ಬಂದಿದೆ. ಎರಡನೇ ಅಡಿ ಇನ್ನೂ ಅಲ್ಲೇ ಇದೆ. ಮೇ ತಿಂಗಳಲ್ಲಿ ಅದೇ ಗಿಡಗಳ ಬುಡದಿಂದ ಮತ್ತೆ ಮಣ್ಣು ತೆಗೆಯುತ್ತೇನೆ.