ಯಾರ ಎಂಟ್ರೊಪಿ?

ರಸಾಯನಶಾಸ್ತ್ರದ ಮೊದಲ ವರ್ಷದಲ್ಲಿ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಸತಾಯಿಸಿದ್ದು ಎಂಟ್ರೊಪಿ, ಅಂದರೆ ಶಕ್ತಿಯೂ ಅಣುಗಳೂ ಎಷ್ಟು ರೀತಿಯಲ್ಲಿ ಹರಡಿಕೊಳ್ಳಬಹುದು ಅನ್ನುವುದರ ಅಳತೆ. ಲೆಕ್ಕ ಕಷ್ಟ ಅಂತಲ್ಲ, ಕೂಡುವುದು ಕಳೆಯುವುದು ಅಷ್ಟೇ. ಆದರೆ ಅದರ ಗುರುತಾದ ಒಂದೇ 'ಎಸ್' ಅಕ್ಷರ ಪುಟಕ್ಕೊಂದು ವೇಷದಲ್ಲಿ ಬರುತ್ತಿತ್ತು. ಒಂದು ಕಡೆ ತಲೆ ಮೇಲೆ ಸೊನ್ನೆ, ಇನ್ನೊಂದು ಕಡೆ ಹಿಂದೆ ಡೆಲ್ಟಾ (ಬದಲಾವಣೆಯ ಗುರುತು), ಕೆಳಗೆ ಪುಟ್ಟ ಅಕ್ಷರದಲ್ಲಿ ವ್ಯವಸ್ಥೆ (ನಾವು ಲೆಕ್ಕ ಹಾಕುತ್ತಿರುವ ವಸ್ತು), ಸುತ್ತಮುತ್ತ, ವಿಶ್ವ (ಎರಡೂ ಸೇರಿ). ನಾನು ಎಲ್ಲವೂ ಒಂದೇ ಅಂದುಕೊಂಡು 'ಎಂಟ್ರೊಪಿ ಯಾವಾಗಲೂ ಹೆಚ್ಚುತ್ತದೆ' ಅನ್ನುವ ಸಾಲನ್ನು ಬಾಯಿಪಾಠ ಮಾಡಿಟ್ಟಿದ್ದೆ.

ಮುಳುಗಿಸಿದ್ದೇ ಆ ಸಾಲು. ಟೆಸ್ಟ್‌ನಲ್ಲಿ ನೀರು ಹೆಪ್ಪುಗಟ್ಟುವ ಪ್ರಶ್ನೆ ಬಂತು. ಓಡಾಡಿಕೊಂಡಿದ್ದ ಅಣುಗಳು ಸಾಲಾಗಿ ಕೂರುತ್ತವೆ, ಎಂಟ್ರೊಪಿ ಇಳಿಯುತ್ತದೆ, ಆದ್ದರಿಂದ ಇದು ತಾನಾಗಿ ನಡೆಯುವುದಿಲ್ಲ ಎಂದು ಬರೆದೆ. ಜಗತ್ತಿನಲ್ಲಿ ಮಂಜುಗಡ್ಡೆಯೇ ಇಲ್ಲ ಅಂದ ಹಾಗಾಯ್ತು, ಅಲ್ವಾ?

ಆಮೇಲೆ ಒಂದು ಹಾಳೆಯಲ್ಲಿ ಮೂರು ಕಾಲಂ ಗೀಚಿದೆ: ನೀರಿನದು, ಸುತ್ತಮುತ್ತಲಿನದು, ಎರಡೂ ಸೇರಿ. ಒಂದು ಮೋಲ್ (ಅಣುಗಳ ಒಂದು ನಿಗದಿತ ಎಣಿಕೆ) ನೀರು ಹೆಪ್ಪುಗಟ್ಟಿದರೆ ನೀರಿನ ಎಂಟ್ರೊಪಿ ಕೆಲ್ವಿನ್‌ಗೆ 22 ಜೂಲ್‌ನಷ್ಟು ಇಳಿಯುತ್ತದೆ. ಆದರೆ ಹೆಪ್ಪುಗಟ್ಟುವಾಗ ಸುಮಾರು 6,010 ಜೂಲ್ ಶಾಖ ಹೊರಗೆ ಹೋಗುತ್ತದೆ. ಅದನ್ನು ತಾಪಮಾನದಿಂದ ಭಾಗಿಸಿದರೆ ಸುತ್ತಮುತ್ತಲಿಗೆ ಸಿಕ್ಕ ಎಂಟ್ರೊಪಿ. ಮೈನಸ್ 10 ಡಿಗ್ರಿಯಲ್ಲಿ, ಅಂದರೆ 263 ಕೆಲ್ವಿನ್‌ನಲ್ಲಿ, ಅದು 22.85. ಒಟ್ಟು ಪ್ಲಸ್ 0.85. ಹೆಪ್ಪುಗಟ್ಟುತ್ತದೆ! ಪ್ಲಸ್ 10 ಡಿಗ್ರಿಯಲ್ಲಿ ಅದೇ ಶಾಖವನ್ನು 283ರಿಂದ ಭಾಗಿಸಿ ನೋಡಿ: 21.2 ಮಾತ್ರ. ಒಟ್ಟು ಮೈನಸ್. ಸೊನ್ನೆ ಡಿಗ್ರಿಯಲ್ಲಿ ಎರಡೂ ಸರಿಸಮ. (ಶಾಖವೂ ತಾಪಮಾನದ ಜೊತೆ ಚೂರು ಬದಲಾಗುತ್ತದೆ, ಅದನ್ನು ಇಲ್ಲಿ ಬಿಟ್ಟಿದ್ದೇನೆ.) ಹೆಚ್ಚಲೇಬೇಕಾದದ್ದು ಮೂರನೇ ಕಾಲಂ, ಮೊದಲನೆಯದಲ್ಲ. ಅವತ್ತಿನಿಂದ ಎಸ್ ಕಂಡಾಗಲೆಲ್ಲ ಪಕ್ಕದಲ್ಲಿ 'ಯಾರದು?' ಅಂತ ಪೆನ್ಸಿಲ್‌ನಲ್ಲಿ ಬರೆಯತೊಡಗಿದೆ.

ತಲೆ ಮೇಲೆ ಸೊನ್ನೆ ಇರುವ ಎಸ್ ಬೇರೆಯೇ ಜಾತಿ. ಅದು ಬದಲಾವಣೆಯಲ್ಲ, ಒಂದು ಮೋಲ್ ವಸ್ತುವಿನ ಹತ್ತಿರ ಇರುವ ಎಂಟ್ರೊಪಿ. ಶಾಖದ ಲೆಕ್ಕಕ್ಕೆ ಬಳಸುವ ಎಂಥಾಲ್ಪಿಯ ಪಟ್ಟಿಯಲ್ಲಿ ಆಕ್ಸಿಜನ್‌ಗೆ ಸೊನ್ನೆ, ಇಲ್ಲಿ ಮಾತ್ರ 205 ಯಾಕೆ ಅಂತ ತುಂಬಾ ದಿನ ತಲೆ ಕೆರೆದುಕೊಂಡಿದ್ದೆ. ಎಂಥಾಲ್ಪಿಗೆ ಸೊನ್ನೆ ಎಲ್ಲಿ ಅಂತ ನಾವೇ ಗೊತ್ತುಮಾಡಿಕೊಂಡಿದ್ದೇವೆ. ಎಂಟ್ರೊಪಿಗೆ ನಿಜವಾದ ಸೊನ್ನೆ ಇದೆ: 0 ಕೆಲ್ವಿನ್‌ನಲ್ಲಿರುವ, ಒಂದೂ ಕುಂದಿಲ್ಲದ ಹರಳು. ಅಲ್ಲಿಂದ ಎಣಿಸುತ್ತಾ ಬಂದರೆ 298 ಕೆಲ್ವಿನ್‌ನಲ್ಲಿ ವಜ್ರಕ್ಕೆ 2.4, ಗ್ರಾಫೈಟ್‌ಗೆ 5.7, ದ್ರವ ನೀರಿಗೆ 70, ನೀರಿನ ಆವಿಗೆ 189. ಈ ನಾಲ್ಕು ಅಂಕಿಗಳನ್ನು ಸುಮ್ನೆ ನೋಡುತ್ತಾ ಕೂತದ್ದು ನನಗೆ ಎಷ್ಟೋ ವಿವರಣೆಗಿಂತ ಹೆಚ್ಚು ಕಲಿಸಿತು. 'ಅವ್ಯವಸ್ಥೆ' ಅನ್ನುವ ಪದ ನನಗೆ ಅಷ್ಟೇನೂ ಉಪಯೋಗಕ್ಕೆ ಬರಲಿಲ್ಲ. ಶಕ್ತಿಯನ್ನೂ ಅಣುಗಳನ್ನೂ ಎಷ್ಟು ರೀತಿಯಲ್ಲಿ ಹಂಚಿಡಬಹುದು ಅನ್ನುವ ಎಣಿಕೆಯೇ ವಾಸಿ. ವಿಯೆನ್ನಾದಲ್ಲಿ ಭೌತವಿಜ್ಞಾನಿ ಬೋಲ್ಟ್ಸ್‌ಮನ್ ಸಮಾಧಿಯ ಮೇಲೆ ಕೆತ್ತಿರುವ ಸೂತ್ರ ಅದೇ ಎಣಿಕೆಯದು.

ಇಷ್ಟಾದ ಮೇಲೂ ಅಮೋನಿಯಾ ಲೆಕ್ಕದಲ್ಲಿ ಎಡವಿದೆ. ನೈಟ್ರೊಜನ್, ಹೈಡ್ರೊಜನ್ ಸೇರಿ ಎರಡು ಮೋಲ್ ಅಮೋನಿಯಾ ಆಗುವಾಗ ವ್ಯವಸ್ಥೆಯದು ಮೈನಸ್ 198. ಹೊರಗೆ ಹೋಗುವ ಶಾಖ 92.2 ಕಿಲೋಜೂಲ್. ಅದನ್ನು ಹಾಗೇ 298ರಿಂದ ಭಾಗಿಸಿ 0.31 ಅಂತ ಕೂಡಿಸಿದೆ. ಎಂಟ್ರೊಪಿ ಪಟ್ಟಿ ಜೂಲ್‌ನಲ್ಲಿ, ಎಂಥಾಲ್ಪಿ ಪಟ್ಟಿ ಕಿಲೋಜೂಲ್‌ನಲ್ಲಿ ಇರುವುದು ಮರೆತೇಹೋಗಿತ್ತು. ಸರಿಪಡಿಸಿದಾಗ ಸುತ್ತಮುತ್ತಲಿನದು 309, ಒಟ್ಟು ಪ್ಲಸ್ 111. ಕುತೂಹಲಕ್ಕೆ 700 ಕೆಲ್ವಿನ್ ಹಾಕಿ ನೋಡಿದೆ: 132 ಅಷ್ಟೇ, ಒಟ್ಟು ಮೈನಸ್ 66. ಬಿಸಿ ಇಲ್ಲದಿದ್ದರೆ ಕ್ರಿಯೆ ತೀರಾ ನಿಧಾನ, ಬಿಸಿ ಮಾಡಿದರೆ ಮೂರನೇ ಕಾಲಂ ಕೈಕೊಡುತ್ತದೆ. ಇಲ್ಲಿ ನಾಲ್ಕು ಮೋಲ್ ಅನಿಲ ಎರಡಾಗುತ್ತದೆ, ಹಾಗಾಗಿ ಒತ್ತಿದಷ್ಟೂ ಕ್ರಿಯೆ ಅಮೋನಿಯಾ ಕಡೆಗೆ ವಾಲುತ್ತದೆ. ಕಾರ್ಖಾನೆಯಲ್ಲಿ ಒತ್ತಡವನ್ನು ಯಾಕೆ ಅಷ್ಟು ಏರಿಸುತ್ತಾರೆ ಅಂತ ಆಗ ಅರ್ಥವಾಯಿತು.