ಕುಮಟಾದಿಂದ ನೀಲ್ ದ್ವೀಪಕ್ಕೆ: ಒಬ್ಬಳ ಖರ್ಚಿನ ಲೆಕ್ಕ

ಇಬ್ಬರು ಪ್ರವಾಸ ಹೋಗಿ ಬಂದ ಖರ್ಚನ್ನು ಎರಡರಿಂದ ಭಾಗಿಸಿ, ‘ಒಬ್ಬರಾದರೆ ಇಷ್ಟೇ’ ಅಂತ ಹೇಳುವವರ ಮಾತು ನಂಬಬೇಡಿ. ರೂಮಿನ ಬಾಡಿಗೆ ಇಬ್ಬರಿಗೂ ಅಷ್ಟೇ, ಒಬ್ಬರಿಗೂ ಅಷ್ಟೇ. ಆಟೋದವನು ‘ನೀವು ಒಬ್ಬರೇ ಅಲ್ವಾ’ ಅಂತ ಅರ್ಧ ದುಡ್ಡು ತಗೊಳ್ಳುವುದಿಲ್ಲ. ಸ್ಕೂಟರ್ ಬಾಡಿಗೆಯೂ ಹಾಗೇ. ಹಾಗಾಗಿ ಅಂಡಮಾನಿನ ನೀಲ್ ದ್ವೀಪಕ್ಕೆ ಹೋಗುವುದು ಅಂತ ಗಟ್ಟಿಯಾದ ಮೇಲೆ ನಾನು ಮೊದಲು ಮಾಡಿದ ಕೆಲಸ, ನೋಟ್‌ಬುಕ್ಕಿನ ಹಾಳೆಗೆ ನಡುವೆ ಒಂದು ಗೆರೆ ಎಳೆದದ್ದು. ಎಡಗಡೆ ತಲೆಗಿಷ್ಟು ಅಂತ ಇರುವ ಖರ್ಚು: ವಿಮಾನ, ಹಡಗು, ಊಟ. ಬಲಗಡೆ ಎಷ್ಟು ಜನ ಹೋದರೂ ಅಷ್ಟೇ ಆಗುವ ಖರ್ಚು: ರೂಮು, ಆಟೋ, ಸ್ಕೂಟರ್, ಬಾಡಿಗೆ ದೋಣಿ. ಎಡಗಡೆ ಎಲ್ಲರಿಗೂ ಒಂದೇ. ಒಬ್ಬರೇ ಹೋಗುವವರಿಗೆ ಹೊಡೆತ ಬೀಳುವುದು ಬಲಗಡೆ. ನನ್ನ ತಲೆ ಪೂರ್ತಿ ಓಡಿದ್ದು ಆ ಬಲಗಡೆಯನ್ನು ಸಣ್ಣದು ಮಾಡುವುದರಲ್ಲಿ.

ಕುಮಟಾದಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಸ್ಟೇಷನರಿ ಅಂಗಡಿ. ತಿಂಗಳ ಸಂಬಳ ಅಂತ ಇಲ್ಲ. ಒಮ್ಮೆಗೇ ಮೂವತ್ತು ಸಾವಿರ ತೆಗೆದಿಡುವುದು ನನ್ನಿಂದ ಆಗದ ಮಾತು. ಆದರೆ ನಮ್ಮ ಕರಾವಳಿಯ ಪೇಟೆಗಳಲ್ಲಿ ಅದಕ್ಕೊಂದು ಹಳೇ ದಾರಿ ಇದೆ, ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಪಿಗ್ಮಿ. 1928ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಶುರು ಮಾಡಿದ್ದು ಇದು. ಈಗ ಊರಿನ ಸೊಸೈಟಿಗಳೆಲ್ಲ ಮಾಡುತ್ತವೆ. ಕಲೆಕ್ಷನ್ನಿಗೆ ಬರುವವರು ಸಂಜೆ ಅಂಗಡಿ ಬಾಗಿಲಿಗೇ ಬರುತ್ತಾರೆ. ದಿನಕ್ಕೆ ನೂರು ರೂಪಾಯಿ ಕೊಟ್ಟೆ. ರಜೆ ಗಿಜೆ ಕಳೆದರೂ ವರ್ಷಕ್ಕೆ ₹30,000ದ ಹತ್ತಿರ ಆಗುತ್ತದೆ. ಬಡ್ಡಿಯ ಆಸೆಗೆ ಪಿಗ್ಮಿ ಕಟ್ಟಬೇಡಿ, ಬರುವುದು ಬಹಳ ಕಡಿಮೆ. ಅವಧಿಗೆ ಮೊದಲೇ ತೆಗೆದರೆ ಕಮಿಷನ್ ಹಿಡಿಯುತ್ತಾರೆ. ನನಗೆ ಬೇಕಾಗಿದ್ದೂ ಅದೇ. ಕೈಗೆ ಸುಲಭವಾಗಿ ಸಿಗದಿದ್ದರೆ ಅಲ್ವಾ ದುಡ್ಡು ಉಳಿಯುವುದು?

ಅಮ್ಮನಿಗೆ ಇದು ಪೂರ್ತಿ ಹುಚ್ಚಾಟ. “ಸಮುದ್ರ ನೋಡೂಕೆ ಅಷ್ಟು ದೂರ ಹೋಗ್ಬೇಕನೆ ತಂಗಿ?” ಅಂದಳು. ಕೇಳಿದ್ದರಲ್ಲಿ ತಪ್ಪಿಲ್ಲ. ನಮ್ಮ ಜಿಲ್ಲೆಯ ಎದುರಿಗೇ ಎಷ್ಟು ದ್ವೀಪಗಳಿವೆ! ಆದರೆ ನಾಲ್ಕು ದಿನ ಹೋಗಿ ಇದ್ದು ಬರೋಣ ಅಂದರೆ ಅವು ಕಷ್ಟ. ಕಾರವಾರದ ಎದುರಿನ ಕೂರ್ಮಗಡಕ್ಕೆ ಊರವರು ಹೆಚ್ಚಾಗಿ ದೋಣಿ ಹತ್ತುವುದು ನರಸಿಂಹನ ಜಾತ್ರೆಗೆ. ಅಂಜುದೀವು ನೌಕಾಪಡೆಯ ಕೈಯಲ್ಲಿದೆ. ಹೊನ್ನಾವರದ ಬಸವರಾಜ ದುರ್ಗದಲ್ಲಿ ಕೋಟೆ ಇದೆ, ಉಳಿಯಲು ಜಾಗ ಇಲ್ಲ. ಮುರ್ಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್ ದೋಣಿ ಹೋಗುತ್ತದೆ, ಹೋದವರು ಅದೇ ದಿನ ವಾಪಸು. ನನಗೆ ಬೇಕಿದ್ದದ್ದು ರಾತ್ರಿ ಉಳಿಯಬಹುದಾದ, ಸೈಕಲ್ಲಿನಲ್ಲಿ ಸುತ್ತಬಹುದಾದ ಸಣ್ಣ ದ್ವೀಪ. ನೀಲ್ ಅಂಥದ್ದು. ಸುಮಾರು 14 ಚದರ ಕಿಲೋಮೀಟರ್, ಅಷ್ಟೇ. ಭಾರತೀಯರಿಗೆ ಅಲ್ಲಿಗೆ ಪರ್ಮಿಟ್ ಬೇಡ, ಗುರುತಿನ ಚೀಟಿ ಇದ್ದರೆ ಸಾಕು.

ಹೆಸರಿನ ವಿಷಯ ಈಗಲೇ ಹೇಳಿಬಿಡುತ್ತೇನೆ. 2018ರಿಂದ ನೀಲ್ ದ್ವೀಪದ ಹೆಸರು ಶಹೀದ್ ದ್ವೀಪ್. ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯಪುರಂ ಆಗಿದೆ. ರೂಮು, ಟಿಕೆಟ್ ಹುಡುಕುವಾಗ ಎರಡೂ ಹೆಸರಿನಲ್ಲಿ ಹುಡುಕಿ.

ಯಾವಾಗ ಹೋಗುವುದು ಅನ್ನುವುದೂ ದುಡ್ಡಿನ ಪ್ರಶ್ನೆಯೇ. ಡಿಸೆಂಬರ್ ಕೊನೆ, ಜನವರಿ ಮೊದಲ ವಾರ ಅಂದರೆ ಅಲ್ಲಿ ಎಲ್ಲದರ ರೇಟೂ ಏರಿರುತ್ತದೆ. ಮೇ ತಿಂಗಳಿಂದ ಮಳೆ, ಸಮುದ್ರ ಸರಿ ಇರುವುದಿಲ್ಲ. ನನಗೋ ಜೂನ್‌ನಲ್ಲಿ ನೋಟ್‌ಬುಕ್ಕಿನ ಸೀಸನ್, ಮಾರ್ಚ್‌ನಲ್ಲಿ ಪರೀಕ್ಷೆಯ ಜೆರಾಕ್ಸ್. ಉಳಿದದ್ದು ಫೆಬ್ರವರಿ. ಜನವರಿ 26ರ ರಜೆಯ ಜನ ಕರಗಿರುತ್ತಾರೆ, ಸಮುದ್ರವೂ ಶಾಂತವಾಗಿರುತ್ತದೆ. ಸ್ವಂತ ಅಂಗಡಿ ಇರುವವರು ಇನ್ನೊಂದು ಖರ್ಚನ್ನೂ ಬರೆದುಕೊಳ್ಳಬೇಕು. ನಾನಿಲ್ಲದಾಗ ಅಂಗಡಿಯಲ್ಲಿ ಕೂರಲು ಪಕ್ಕದ ಮನೆ ಹುಡುಗಿಗೆ ಕೊಟ್ಟ ದುಡ್ಡು ಪ್ರವಾಸದ ಖರ್ಚೇ. ಅಂಗಡಿಯ ಗಲ್ಲೆಯಿಂದ ಹೋಯಿತು ಅಂತ ಅದು ಲೆಕ್ಕ ತಪ್ಪಬಾರದು.

ಈ ಅಂಗಡಿಯ ಲೆಕ್ಕದಿಂದಲೇ ಹಡಗಾ ವಿಮಾನವಾ ಅನ್ನುವ ಪ್ರಶ್ನೆಯೂ ತೀರ್ಮಾನ ಆಯಿತು. ಚೆನ್ನೈ, ಕೋಲ್ಕತ್ತಾ, ವಿಶಾಖಪಟ್ಟಣದಿಂದ ಅಂಡಮಾನಿಗೆ ಸರ್ಕಾರಿ ಹಡಗು ಇದೆ. ಬಂಕ್ ಟಿಕೆಟ್ ವಿಮಾನಕ್ಕಿಂತ ಎಷ್ಟೋ ಅಗ್ಗ. ಆದರೆ ಚೆನ್ನೈಯಿಂದ ಸುಮಾರು ಮೂರು ದಿನ ಬೇಕು. ಹೋಗಿ ಬರುವುದಕ್ಕೇ ಒಂದು ವಾರ ಅಂಗಡಿ ಇನ್ನೊಬ್ಬರ ಕೈಯಲ್ಲಿ. ಆ ವಾರದ ದುಡಿಮೆ ಸೇರಿಸಿ ನೋಡಿದರೆ ಹಡಗು ಅಗ್ಗ ಅಲ್ಲವೇ ಅಲ್ಲ. ರಜೆ ಜಾಸ್ತಿ ಇರುವವರಿಗೆ, ಆಗಷ್ಟೇ ಓದು ಮುಗಿಸಿದವರಿಗೆ ಅದು ಸರಿ.

ವಿಮಾನಕ್ಕೆ ನಮಗೆ ಹತ್ತಿರ ಗೋವಾ. ಆದರೆ ನನ್ನ ದಿನಗಳಿಗೆ ಅಲ್ಲಿಂದ ನೇರ ವಿಮಾನ ಸಿಗಲಿಲ್ಲ, ನಡುವೆ ಬದಲಿಸುವ ಟಿಕೆಟಿಗೆ ರೇಟು ಜಾಸ್ತಿ. ಬೆಂಗಳೂರಿನಿಂದ ನೇರ ವಿಮಾನ, ಎರಡೂವರೆ ಗಂಟೆ ಚಿಲ್ಲರೆ ದಾರಿ. ಎರಡೂವರೆ ತಿಂಗಳು ಮೊದಲೇ ತೆಗೆದ ಟಿಕೆಟಿಗೆ ಹೋಗಿ ಬರುವುದು ಸೇರಿ ₹14,000 ಆಸುಪಾಸು ಆಯಿತು. ಅಂದರೆ ಪಿಗ್ಮಿಯ ಹತ್ತಿರ ಹತ್ತಿರ ಅರ್ಧ ಇಲ್ಲೇ ಹೋಯಿತು. ಇದರಲ್ಲಿ ಚೌಕಾಶಿ ಇಲ್ಲ. ಬೇಗ ತೆಗೆಯಬೇಕು, ವಾರದ ನಡುವಿನ ದಿನ ನೋಡಬೇಕು, ಅಷ್ಟೇ ನಮ್ಮ ಕೈಯಲ್ಲಿರುವುದು.

ಕುಮಟಾದಿಂದ ಬೆಂಗಳೂರಿಗೆ ಪಂಚಗಂಗಾ ರೈಲು. ಸಂಜೆ ಹತ್ತಿ ಮಲಗಿದರೆ ಬೆಳಗ್ಗೆ ಬೆಂಗಳೂರು. ಇಳಿದ ದಿನವೇ ವಿಮಾನ ಇಟ್ಟುಕೊಳ್ಳಲಿಲ್ಲ, ರೈಲು ತಡವಾದರೆ ಹದಿನಾಲ್ಕು ಸಾವಿರ ನೀರಿಗೆ. ಆ ರಾತ್ರಿ ದೊಡ್ಡಪ್ಪನ ಮಗಳ ಮನೆಯಲ್ಲಿ. ವಾಪಸು ಬರುವಾಗ ಶಕ್ತಿ ಯೋಜನೆ ಇದೆಯಲ್ಲ, 2023ರ ಜೂನ್‌ನಿಂದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಆಧಾರ್ ತೋರಿಸಿ ಕೆಂಪು ಬಸ್ಸಿನಲ್ಲಿ ಶಿರಸಿಯವರೆಗೆ ಬಂದು, ಚಿಕ್ಕಮ್ಮನ ಮನೆಯಲ್ಲಿ ಉಂಡು ಮಲಗಿ, ಮರುದಿನ ಘಟ್ಟ ಇಳಿದೆ. ಟಿಕೆಟಿನ ಖರ್ಚು ಸೊನ್ನೆ. ಬೆನ್ನಿನ ಖರ್ಚು ಬೇರೆ! ವಿಮಾನ ನಿಲ್ದಾಣದ ಎಸಿ ಬಸ್ಸಿಗೆ ಮಾತ್ರ ಶಕ್ತಿ ನಡೆಯುವುದಿಲ್ಲ, ಅಲ್ಲಿ ದುಡ್ಡು ಕೊಡಲೇಬೇಕು. ಟ್ಯಾಕ್ಸಿ ಬಲಗಡೆಯ ಖರ್ಚು, ಬಸ್ಸು ಎಡಗಡೆಯದ್ದು. ಒಬ್ಬರೇ ಇದ್ದಾಗ ಯಾವಾಗಲೂ ಎಡಗಡೆಯದ್ದನ್ನೇ ಹಿಡಿಯಿರಿ.

ಶ್ರೀ ವಿಜಯಪುರಂನಿಂದ ನೀಲ್‌ಗೆ ಹೋಗಲು ಎರಡು ಬಗೆ. ಖಾಸಗಿ ಹಡಗು ಎಸಿ ಇರುವಂಥದ್ದು, ಬೇಗ ಮುಟ್ಟಿಸುತ್ತದೆ, ಒಂದು ಬದಿಗೆ ಸಾವಿರದ ಮೇಲೆ. ಸರ್ಕಾರಿ ಹಡಗು ಫೀನಿಕ್ಸ್ ಬೇ ಜೆಟ್ಟಿಯಿಂದ ಹೊರಡುತ್ತದೆ, ಎರಡು ಗಂಟೆಯ ದಾರಿ, ನಾನು ಹೋದಾಗ ಐನೂರರೊಳಗೆ ಮುಗಿಯಿತು. ಆದರೆ ಅದು ಪ್ರವಾಸಿಗರಿಗಾಗಿ ಇರುವ ಹಡಗಲ್ಲ. ದ್ವೀಪದ ಜನ ಆಸ್ಪತ್ರೆಗೆ, ಪೇಟೆಗೆ ಓಡಾಡುವ ಹಡಗು. ನಮ್ಮ ತದಡಿ–ಅಘನಾಶಿನಿ ಬಾರ್ಜು ಇದ್ದಹಾಗೆ, ಮೊದಲು ಊರವರು, ಆಮೇಲೆ ನಾವು. ಪ್ರವಾಸಿಗರ ಪಾಲಿನ ಟಿಕೆಟು ಬೇಗ ಖಾಲಿ ಆಗುತ್ತದೆ. ಹಾಗಾಗಿ ಬಜೆಟ್ಟಿನಲ್ಲಿ ಎರಡೂ ಬದಿಗೆ ಖಾಸಗಿ ಹಡಗಿನ ರೇಟನ್ನೇ ಬರೆದುಕೊಂಡಿದ್ದೆ. ಹೋಗುವಾಗ ಸರ್ಕಾರಿ ಹಡಗು ಸಿಕ್ಕಿತು, ಬರುವಾಗ ಸಿಗಲಿಲ್ಲ. ಉಳಿದ ದುಡ್ಡು ಒಂದು ಒಳ್ಳೇ ಏಡಿ ಊಟಕ್ಕೆ ಹೋಯಿತು. ಅಂದಹಾಗೆ ಸರ್ಕಾರಿ ಹಡಗಿನಲ್ಲಿ ಡೆಕ್ ಮೇಲೆ ನಿಂತು ಹೋಗಲು ಬಿಟ್ಟರು. ನಾನು ವಾಪಸು ಬಂದ ಖಾಸಗಿಯದರಲ್ಲಿ ಗಾಜಿನ ಹಿಂದೆ ಕೂತು ಎಸಿಗೆ ನಡುಗಬೇಕಾಯಿತು. ಅಗ್ಗದ್ದೇ ಚೆನ್ನಾಗಿರುವುದು ಅಪರೂಪ, ಇದು ಅಂಥದ್ದು.

ವಾಪಸು ವಿಮಾನದ ದಿನವೇ ದ್ವೀಪದಿಂದ ಹೊರಡುವ ಪ್ಲಾನ್ ಮಾಡಬೇಡಿ. ಇದೊಂದನ್ನು ಮಾತ್ರ ಒತ್ತಿ ಹೇಳುತ್ತೇನೆ. ಗಾಳಿ ಎದ್ದರೆ ಹಡಗು ಬಿಡುವುದಿಲ್ಲ. ನಾವು ಕಡಲ ಬದಿಯವರಿಗೆ ಇದನ್ನು ಹೇಳಬೇಕಾಗಿಲ್ಲ. ಬೈತ್‌ಖೋಲ್‌ನಲ್ಲಿ, ತದಡಿಯಲ್ಲಿ ಬೋಟು ಸಾಲಾಗಿ ಕಟ್ಟಿ ನಿಂತಿರುವುದನ್ನು ನೋಡಿಯೇ ಬೆಳೆದವರು. ಒಂದು ರಾತ್ರಿ ಮೊದಲೇ ಶ್ರೀ ವಿಜಯಪುರಂಗೆ ಬಂದು ₹1,000ದ ರೂಮಿನಲ್ಲಿ ಮಲಗಿದೆ. ಆ ಸಾವಿರವನ್ನು ನಾನು ರೂಮಿನ ಖರ್ಚು ಅಂತ ಬರೆಯಲಿಲ್ಲ, ವಿಮಾನದ ಟಿಕೆಟಿನ ಜೊತೆಗೇ ಸೇರಿಸಿದೆ.

ಈಗ ರೂಮು. ಒಬ್ಬರ ಬಜೆಟ್ಟಿನ ದೊಡ್ಡ ತಲೆನೋವು ಇದೇ. ನೀಲ್‌ನಲ್ಲಿ ಬಿದಿರಿನ ಗುಡಿಸಲಿನಿಂದ ಹಿಡಿದು ಸಮುದ್ರ ಕಾಣುವ ರೆಸಾರ್ಟಿನವರೆಗೆ ಎಲ್ಲ ಇದೆ. ಸಿಂಗಲ್ ರೂಮು ಅಂತ ಪ್ರತ್ಯೇಕ ಇರುವುದು ಕಡಿಮೆ. ಫೋನ್ ಮಾಡಿ ಕೇಳಿದೆ: ಎಸಿ ಬೇಡ, ಟಿವಿ ಬೇಡ, ಬೆಳಗ್ಗಿನ ತಿಂಡಿ ಬೇಡ, ಒಬ್ಬಳೇ, ನಾಲ್ಕು ರಾತ್ರಿ ಇದ್ದರೆ ಎಷ್ಟು? ಹೀಗೆ ಕೇಳಿದಾಗ ಇಳಿಯುತ್ತದೆ. ₹1,300 ಹೇಳಿದ್ದು ₹900ಕ್ಕೆ ಬಂತು. ಇನ್ನೂ ಕಡಿಮೆಗೆ, ₹600ಕ್ಕೆ, ದೂರದ ತುದಿಯಲ್ಲಿ ಒಂದು ಗುಡಿಸಲೂ ಇತ್ತು. ಚಿಲಕ ನೋಡಿ ಬೇಡ ಅಂದೆ. ಪೇಟೆಗೆ ಹತ್ತಿರ, ಮನೆಯವರು ಅದೇ ಅಂಗಳದಲ್ಲಿ ಇರುವ ಜಾಗ ಹಿಡಿದೆ. ರಾತ್ರಿಗೆ ಮುನ್ನೂರು ಜಾಸ್ತಿ ಹೋಗಿದ್ದು ನಿದ್ದೆಗೆ. ಒಬ್ಬರೇ ಹೋಗುವ ಹೆಂಗಸರು ಇದನ್ನು ದುಂದು ಅಂತ ಎಣಿಸಬೇಡಿ, ಮೊದಲೇ ಬರೆದಿಡಿ.

ಓಡಾಟಕ್ಕೆ ಸ್ಕೂಟರ್ ದಿನಕ್ಕೆ ₹500, ಪೆಟ್ರೋಲ್ ಬೇರೆ. ಇಬ್ಬರಿದ್ದರೆ ಸರಿ. ಒಬ್ಬಳಿಗೆ ಸೈಕಲ್ ಸಾಕು, ₹200ರೊಳಗೆ ಸಿಗುತ್ತದೆ. ಜೆಟ್ಟಿಯಿಂದ ದ್ವೀಪದ ಆ ತುದಿಯ ಸೀತಾಪುರಕ್ಕೆ ಐದು ಕಿಲೋಮೀಟರ್ ಆಗಬಹುದು. ಊರುಗಳ ಹೆಸರೆಲ್ಲ ರಾಮಾಯಣದ್ದು: ರಾಮನಗರ, ಭರತಪುರ, ಲಕ್ಷ್ಮಣಪುರ. ರಸ್ತೆಯ ಎರಡೂ ಕಡೆ ತರಕಾರಿ ಗದ್ದೆ, ಅಡಿಕೆ, ತೆಂಗು. ಒಂದು ಕ್ಷಣ ಕುಮಟಾ ಪಕ್ಕದ ಹೆಗಡೆ ಊರಿನ ಕಡೆ ಹೊರಟೆನೋ ಅನಿಸುತ್ತದೆ. ಅಂಡಮಾನಿಗೆ ತರಕಾರಿ ಬೆಳೆದುಕೊಡುವ ದ್ವೀಪ ಅಂತಲೇ ಇದಕ್ಕೆ ಹೆಸರು. ಬೆಳೆಯುವವರು ಹೆಚ್ಚಾಗಿ ಬಂಗಾಳದಿಂದ ಬಂದು ನೆಲೆಸಿದವರು. ಒಂದು ವಿಷಯ: ನಮಗಿಂತ ಅಷ್ಟು ಪೂರ್ವದಲ್ಲಿದ್ದರೂ ಗಡಿಯಾರ ಒಂದೇ. ಹಾಗಾಗಿ ಅಲ್ಲಿ ಕುಮಟಾಕ್ಕಿಂತ ಒಂದು ಗಂಟೆಗೂ ಮೊದಲೇ ಕತ್ತಲಾಗುತ್ತದೆ. ಫೆಬ್ರವರಿಯಲ್ಲಿ ಆರು ಗಂಟೆ ಅಂದರೆ ಟಾರ್ಚ್ ಬೇಕು. ಸಂಜೆ ಸುತ್ತಿ ದುಡ್ಡು ಕಳೆಯಲು ಅವಕಾಶವೇ ಇಲ್ಲ, ಅದೂ ಒಂದು ಉಳಿತಾಯ!

ಊಟಕ್ಕೆ ದಿನಕ್ಕೆ ₹500 ಇಟ್ಟಿದ್ದೆ, ಸಾಕಾಯಿತು. ಪೇಟೆಯ ಸಣ್ಣ ಹೋಟೆಲುಗಳಲ್ಲಿ ಅನ್ನ, ಬೇಳೆ, ಪಲ್ಯ, ಮೀನು ಸಾರು. ಸಾಸಿವೆ ಎಣ್ಣೆಯ ಘಾಟಿಗೆ ನಾಲಗೆ ಹೊಂದಿಕೊಳ್ಳಲು ಎರಡು ಊಟ ಬೇಕು. ಅದೇ ಊಟ ಬೀಚ್ ಬದಿಯ ರೆಸ್ಟೋರೆಂಟಿನಲ್ಲಿ ದುಪ್ಪಟ್ಟು. ನಾನು ಮಧ್ಯಾಹ್ನ ಪೇಟೆಯಲ್ಲಿ ಗಟ್ಟಿಯಾಗಿ ಉಂಡು, ರಾತ್ರಿ ಎಷ್ಟೋ ಸಲ ಮನೆಯಿಂದ ಒಯ್ದ ಒಗ್ಗರಣೆ ಅವಲಕ್ಕಿ, ಬಾಳೆಹಣ್ಣಿನಲ್ಲಿ ಮುಗಿಸಿದೆ. ಕುಡಿಯುವ ನೀರಿಗೆ ದೊಡ್ಡ ಬಾಟಲಿ ಒಯ್ಯಿರಿ, ಹೋಟೆಲಿನಲ್ಲಿ ತುಂಬಿಸಿಕೊಡುತ್ತಾರೆ.

ನೋಡುವುದಕ್ಕೆ ದುಡ್ಡು ಬೇಕಾಗಿದ್ದು ಕಡಿಮೆ. ಲಕ್ಷ್ಮಣಪುರದ ಕಲ್ಲಿನ ಕಮಾನು, ಅದರ ಬುಡದ ನೀರುಗುಂಡಿಗಳಲ್ಲಿ ಹವಳ, ಮೀನು, ಸಮುದ್ರ ಸೌತೆ, ಇವೆಲ್ಲ ಇಳಿತದ ಹೊತ್ತಿಗೆ ನಡೆದೇ ನೋಡುವಂಥವು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಚೆನ್ನಾಗಿ ಇಳಿಯುತ್ತದೆ ಅಂತ ನಮ್ಮಲ್ಲಿ ಬಳಚು, ಅಂದರೆ ಚಿಪ್ಪಿಮೀನು, ಹೆಕ್ಕುವ ಹೆಂಗಸರಿಗೆಲ್ಲ ಗೊತ್ತು. ವಿಮಾನದ ಟಿಕೆಟಿಗೆ ಮೊದಲೇ ಕ್ಯಾಲೆಂಡರ್ ನೋಡಿ ಹುಣ್ಣಿಮೆಯ ವಾರ ಆರಿಸಿದ್ದೆ. ಭರತಪುರದಲ್ಲಿ ಸ್ನಾರ್ಕೆಲಿಂಗ್‌ಗೆ, ಗಾಜಿನ ತಳದ ದೋಣಿಗೆ ತಲೆಗಿಷ್ಟು ಅಂತ ಇದೆ, ಅದು ಎಡಗಡೆಯ ಖರ್ಚು, ಧೈರ್ಯವಾಗಿ ಮಾಡಿದೆ. ಸ್ಕೂಬಾ ಬಿಟ್ಟೆ. ಅಲ್ಲಿಯ ಹವಳ ಚಂದ ಇರಬಹುದು, ಆದರೆ ಮುರ್ಡೇಶ್ವರ ನಮ್ಮ ಮನೆಯಿಂದ ಒಂದೂವರೆ ಗಂಟೆ. ಮಳೆಗಾಲ ಬಿಟ್ಟು ಯಾವಾಗ ಬೇಕಾದರೂ ನೇತ್ರಾಣಿಗೆ ಹೋಗಬಹುದು. ಜೆಟ್ಟಿಯಲ್ಲಿ ಇಳಿದಾಗ ಹುಬ್ಬಳ್ಳಿಯ ಇಬ್ಬರು ಟೀಚರುಗಳು ಕನ್ನಡ ಮಾತಾಡುವುದು ಕೇಳಿ ‘ಆಟೋ ಹಂಚಿಕೊಳ್ಳೋಣ್ವಾ ಅಕ್ಕಾ?’ ಅಂದೆ. ಬಲಗಡೆಯ ಖರ್ಚನ್ನು ಎಡಗಡೆಗೆ ತರಲು ಇದಕ್ಕಿಂತ ಸುಲಭದ ಉಪಾಯ ಇಲ್ಲ. ನಾಚಿಕೆ ಬಿಡಬೇಕು, ಅಷ್ಟೇ.

ದುಡ್ಡು ಒಯ್ಯುವಾಗ ಫೋನ್ ಪೇ ನಂಬಿ ಕೂರಬೇಡಿ. ಚೆನ್ನೈಯಿಂದ ಸಮುದ್ರದಡಿಯ ಕೇಬಲ್ 2020ರಲ್ಲಿ ಬಂದ ಮೇಲೆ ಶ್ರೀ ವಿಜಯಪುರಂನಲ್ಲಿ ನೆಟ್ ಪರವಾಗಿಲ್ಲ. ನೀಲ್‌ನಲ್ಲಿ ಅದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ದ್ವೀಪದ ಪೂರ್ತಿ ಖರ್ಚನ್ನು ನೋಟಿನಲ್ಲೇ ಒಯ್ದೆ, ಅದರಲ್ಲೂ ನೂರರ ನೋಟು ಜಾಸ್ತಿ. ಜೊತೆಗೆ ಹಡಗು ನಿಂತರೆ ಅಂತ ₹3,000 ಬೇರೆ ಕವರಿನಲ್ಲಿ ಅಂಟಿಸಿ ಬ್ಯಾಗಿನ ತಳಕ್ಕೆ ಹಾಕಿದ್ದೆ. ಅದನ್ನು ಒಡೆಯುವ ಪ್ರಸಂಗ ಬರಲಿಲ್ಲ. ಆ ಕವರು ಬಿಟ್ಟು, ಅಂಗಡಿ ಹುಡುಗಿಗೆ ಕೊಟ್ಟದ್ದೂ ಸೇರಿ ಎಲ್ಲ ಕೂಡಿಸಿದರೆ ಮೂವತ್ತು ಸಾವಿರಕ್ಕೆ ಒಂದು ಐನೂರು ಆಚೆ ಈಚೆ.

ಊರಿಗೆ ತರುವ ಸಾಮಾನಿಗೆ ಅಂತ ದುಡ್ಡು ಇಡಲೇ ಇಲ್ಲ. ದಡದಲ್ಲಿ ಬಿದ್ದಿರುವ ಹವಳದ ಚೂರು, ಚಿಪ್ಪು ಚಂದ ಕಂಡಿತು ಅಂತ ಎತ್ತಿಕೊಳ್ಳಬೇಡಿ. ಹವಳ ತರುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ, ವಿಮಾನ ನಿಲ್ದಾಣದಲ್ಲಿ ಬ್ಯಾಗು ನೋಡಿಯೇ ಬಿಡುವುದು. ಅಮ್ಮನಿಗೆ ನೀಲ್‌ನ ಸಂತೆಯಲ್ಲಿ ಒಂದು ಜಾತಿಯ ಬದನೆಕಾಯಿ ಬೀಜ ಕೊಂಡೆ, ಇಪ್ಪತ್ತು ರೂಪಾಯಿ. ಹಿತ್ತಲಲ್ಲಿ ಹಾಕಿದ್ದಾಳೆ. ‘ಇದಕ್ಕೆ ಹೋಗಿದ್ದನೆ?’ ಅಂತ ಕೇಳಿದಳು.